ಬಸುರಿನ ನಂಜು: ಒಂದು ಪದ ಮತ್ತು ಅದರ ಜೀವಶಾಸ್ತ್ರ

ಕನ್ನಡದಲ್ಲಿ 'ನಂಜು' ಎಂಬ ಪದದ ವ್ಯಾಪ್ತಿ ದೊಡ್ಡದು. ಹಾವಿನ ವಿಷ ನಂಜು. ಕೀವುಗಟ್ಟಿದ ಗಾಯ ನಂಜಾಗುತ್ತದೆ. ಗಾಯವಿದ್ದವರು ತಿನ್ನಬಾರದೆಂಬ ಬದನೆಕಾಯಿಯೂ ನಂಜು. ಗರ್ಭಿಣಿಯ ಮುಖ, ಕೈಕಾಲು ಊದಿ, ರಕ್ತದೊತ್ತಡ ಏರಿ, ಕೆಲವೊಮ್ಮೆ ಸೆಳವಿನಲ್ಲಿ ಮುಗಿಯುವ ಕಾಯಿಲೆಗೂ ಇದೇ ಪದ ಅಂಟಿಕೊಂಡಿತು: ಬಸುರಿನ ನಂಜು. ಇದನ್ನು ಬರಿಯ ಜನಪದ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಇಂಗ್ಲಿಷಿನ ವೈದ್ಯಗ್ರಂಥಗಳೂ ಇಪ್ಪತ್ತನೆಯ ಶತಮಾನದ ಬಹುಭಾಗ ಇದನ್ನು 'ಟಾಕ್ಸೀಮಿಯಾ', ಅಂದರೆ ರಕ್ತದಲ್ಲಿ ವಿಷ ಸೇರಿದ ಸ್ಥಿತಿ, ಎಂದೇ ಕರೆದವು. ಆ ವಿಷವನ್ನು ಹುಡುಕಿದವರಿಗೆ ಅದು ಸಿಗಲಿಲ್ಲ. ನಿಧಾನವಾಗಿ ಹೆಸರೂ ಬಳಕೆ ತಪ್ಪಿತು. ಹೆಸರು ಮರೆತ ಮೇಲೆ, 2003ರಲ್ಲಿ, ವಿಷದಂತೆಯೇ ವರ್ತಿಸುವ ಒಂದು ವಸ್ತು ತಾಯಿಯ ರಕ್ತದಲ್ಲಿ ಕಂಡಿತು. ಅದು ಊಟದಿಂದ ಬಂದದ್ದಲ್ಲ, ಗಾಳಿಯಿಂದ ಬಂದದ್ದಲ್ಲ. ಅದರ ಮೂಲ ಮಾಸು.

ಗಡಿಯಾಚೆಯ ಕನ್ನಡಿಗರು ದಿನನಿತ್ಯ ಒಡನಾಡುವ ಭಾಷೆಗಳಲ್ಲಿ ಈ ಅಂಗದ ಹೆಸರುಗಳನ್ನು ಒಮ್ಮೆ ನೋಡಬೇಕು. ಕನ್ನಡದಲ್ಲಿ ಮಾಸು, ಸಂಸ್ಕೃತದಲ್ಲಿ ಜರಾಯು, ಮರಾಠಿಯಲ್ಲಿ ವಾರ, ತೆಲುಗಿನಲ್ಲಿ ಮಾವಿ ಅಥವಾ ಮಾಯ. ಮಲಯಾಳದಲ್ಲಿ ಅದು ಮರುಪಿಳ್ಳ, ಅಂದರೆ ಮತ್ತೊಂದು ಮಗು. ತಮಿಳಿನಲ್ಲಿ ಮಾಸು-ಹೊಕ್ಕುಳಬಳ್ಳಿಗೆ ನಂಜುಕ್ಕೊಡಿ ಎಂಬ ಪದವಿದೆ. ಬಿಡಿಸಿ ಓದಿದರೆ 'ನಂಜಿನ ಬಳ್ಳಿ'. ಹೊಸೂರು, ತಾಳವಾಡಿಗಳ ಕನ್ನಡಿಗರಿಗೆ ಈ ಪದ ಹೊಸದಲ್ಲ. ವ್ಯುತ್ಪತ್ತಿಯನ್ನು ವಿಜ್ಞಾನದ ಸಾಕ್ಷ್ಯವಾಗಿ ಬಳಸುವುದು ತಪ್ಪು ದಾರಿ. ಆದರೆ ಒಂದು ಭಾಷೆ ಮಾಸನ್ನು ಮತ್ತೊಂದು ಮಗುವೆಂದೂ ನೆರೆಯ ಇನ್ನೊಂದು ಭಾಷೆ ನಂಜಿನ ಬಳ್ಳಿಯೆಂದೂ ಕರೆದಿರುವುದು, ಈ ಕಾಯಿಲೆಯ ಜೀವಶಾಸ್ತ್ರವನ್ನು ವಿವರಿಸಲು ಹೊರಟವರಿಗೆ ಒದಗಿಬರುವ ಎರಡು ಒಳ್ಳೆಯ ರೂಪಕಗಳು.

ಮೊದಲು ವ್ಯಾಖ್ಯೆ. ಗರ್ಭಿಣಿಯಲ್ಲಿ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದ್ದು, ಕನಿಷ್ಠ ನಾಲ್ಕು ಗಂಟೆಗಳ ಅಂತರದಲ್ಲಿ ಮತ್ತೆ ಅಳೆದಾಗಲೂ ಹಾಗೆಯೇ ಇದ್ದರೆ ಅದನ್ನು ಏರಿದ ಒತ್ತಡವೆನ್ನುತ್ತಾರೆ. ಗರ್ಭಕ್ಕೆ ಮುಂಚೆ ಅಥವಾ 20 ವಾರಗಳೊಳಗೆ ಕಂಡರೆ ಅದು ಹಳೆಯ, ದೀರ್ಘಕಾಲೀನ ರಕ್ತದೊತ್ತಡ. 20 ವಾರಗಳ ಬಳಿಕ ಹೊಸದಾಗಿ ಏರಿ, ಬೇರೆ ತೊಂದರೆ ಇಲ್ಲದಿದ್ದರೆ ಗರ್ಭಾವಧಿಯ ರಕ್ತದೊತ್ತಡ. ಏರಿಕೆಯ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಸೋರಿಕೆಯೋ, ಯಕೃತ್ತು, ಮೂತ್ರಪಿಂಡ, ಮಿದುಳು ಅಥವಾ ರಕ್ತಕಣಗಳಿಗೆ ಹಾನಿಯೋ ಕಂಡರೆ ಪ್ರಿಎಕ್ಲಾಂಪ್ಸಿಯಾ. ಅದರ ಮೇಲೆ ಸೆಳವು ಬಂದರೆ ಎಕ್ಲಾಂಪ್ಸಿಯಾ. ಪ್ರಿಎಕ್ಲಾಂಪ್ಸಿಯಾ ಜಗತ್ತಿನಲ್ಲಿ ಶೇ. 2ರಿಂದ 8ರಷ್ಟು ಗರ್ಭಗಳಲ್ಲಿ ಕಾಣುತ್ತದೆ. ತಾಯಂದಿರ ಸಾವಿನ ಕಾರಣಗಳನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ರಕ್ತಸ್ರಾವದ ನಂತರದ ಸ್ಥಾನ, ಸುಮಾರು ಶೇ. 14, ಈ ಗುಂಪಿನ ಕಾಯಿಲೆಗಳದ್ದೇ.

'ಎಕ್ಲಾಂಪ್ಸಿಯಾ' ಎಂಬುದು ಮಿಂಚಿದಂತೆ ಹೊಳೆಯುವುದು ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಸೆಳವು ಹಾಗೆ, ಹೇಳದೆ ಕೇಳದೆ ಬಂದೆರಗುತ್ತದೆ ಎಂಬುದು ಹಳಬರ ಗ್ರಹಿಕೆ. ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಲೀವರ್ 1843ರಲ್ಲಿ ಸೆಳವು ಬಂದ ಗರ್ಭಿಣಿಯರ ಮೂತ್ರದಲ್ಲಿ ಆಲ್ಬುಮಿನ್ ಇರುವುದನ್ನು ಕಂಡ. 1896ರಲ್ಲಿ ರಿವಾ-ರೋಚಿ ತೋಳುಪಟ್ಟಿಯ ಒತ್ತಡಮಾಪಕವನ್ನು ರೂಪಿಸಿದ ಮರುವರ್ಷವೇ ಸೆಳವಿನ ಹಿಂದೆ ಏರಿದ ರಕ್ತದೊತ್ತಡವಿದೆಯೆಂದು ಫ್ರಾನ್ಸಿನ ವೈದ್ಯರು ವರದಿ ಮಾಡಿದರು. ಅಲ್ಲಿಗೆ ಮಿಂಚು ಮಿಂಚಾಗಿ ಉಳಿಯಲಿಲ್ಲ. ಅದಕ್ಕೂ ವಾರಗಳ ಮುನ್ಸೂಚನೆ ಇರುತ್ತದೆಂದು ತಿಳಿಯಿತು. ಆದರೆ ಕಾರಣ? ಜರ್ಮನಿಯ ಪ್ರಸೂತಿತಜ್ಞ ಪೌಲ್ ಟ್ಸ್ವೈಫೆಲ್ ಇದನ್ನು ಸಿದ್ಧಾಂತಗಳ ಕಾಯಿಲೆ ಎಂದು ಕರೆದದ್ದು ಬೇಸರದ ಮಾತು. ಒಬ್ಬೊಬ್ಬರು ಒಂದೊಂದು ವಾದ ಹೂಡಿದ್ದರು, ಯಾವುದೂ ನಿಂತಿರಲಿಲ್ಲ. ಶಿಕಾಗೋದ ಹೆರಿಗೆ ಆಸ್ಪತ್ರೆಯೊಂದರ ಗೋಡೆಯಲ್ಲಿ ಪ್ರಸೂತಿಶಾಸ್ತ್ರದ ಮಹನೀಯರ ಹೆಸರುಗಳ ನಡುವೆ ಒಂದು ಫಲಕ ಖಾಲಿ ಉಳಿದಿದೆಯೆಂದೂ, ಎಕ್ಲಾಂಪ್ಸಿಯಾದ ಕಾರಣ ಕಂಡುಹಿಡಿಯುವವರಿಗೆ ಅದು ಮೀಸಲೆಂದೂ ವೈದ್ಯರ ನಡುವೆ ಒಂದು ಮಾತು ಪ್ರಚಲಿತ.

ಕಾರಣ ಮಾಸಿನಲ್ಲಿದೆ ಎಂಬ ಅನುಮಾನಕ್ಕೆ ಆಧಾರ ಮೊದಲಿನಿಂದಲೂ ಕಣ್ಣಮುಂದೆ ಇತ್ತು. ಮಾಸು ಹೊರಬಿದ್ದ ಮೇಲೆ ಕಾಯಿಲೆ ಸಾಮಾನ್ಯವಾಗಿ ಇಳಿಮುಖವಾಗುತ್ತದೆ. ದ್ರಾಕ್ಷಿಗೊಂಚಲಿನಂತೆ ಮಾಸಿನ ಅಂಗಾಂಶ ಮಾತ್ರ ಬೆಳೆದು, ಒಳಗೆ ಭ್ರೂಣವೇ ಇಲ್ಲದ ವಿಕೃತ ಗರ್ಭದಲ್ಲಿಯೂ ಕಾಯಿಲೆ ಬರುತ್ತದೆ, ಅದೂ ಬೇಗನೆ. ಗರ್ಭಕೋಶದ ಹೊರಗೆ, ಹೊಟ್ಟೆಯೊಳಗೆ ನಾಟಿದ ಅಪರೂಪದ ಗರ್ಭಗಳಲ್ಲಿಯೂ ಬಂದದ್ದುಂಟು. ಅಂದರೆ ಮಗು ಬೇಕಿಲ್ಲ, ಗರ್ಭಕೋಶವೂ ಬೇಕಿಲ್ಲ. ಮಾಸು ಇದ್ದರೆ ಸಾಕು.

ಮಾಸನ್ನು ತಾಯಿಯ ಅಂಗವೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಅದರ ಬಹುಭಾಗ ಭ್ರೂಣದ್ದು: ಅದೇ ಫಲಿತ ಅಂಡದಿಂದ, ಅದೇ ವಂಶವಾಹಿಗಳಿಂದ, ಅರ್ಧ ತಂದೆಯದೂ ಅರ್ಧ ತಾಯಿಯದೂ ಆಗಿ ಬೆಳೆದದ್ದು. ಮಲಯಾಳದ ಮರುಪಿಳ್ಳ ಎಂಬ ಹೆಸರು ಈ ಅರ್ಥದಲ್ಲಿ ಅಕ್ಷರಶಃ ಸರಿ. ಗರ್ಭ ನಾಟಿದ ಮೊದಲ ವಾರಗಳಿಂದಲೇ ಈ ಮತ್ತೊಂದು ಮಗುವಿನ ಹೊರಪದರದ ಕೋಶಗಳು, ಟ್ರೋಫೋಬ್ಲಾಸ್ಟ್‌ಗಳು, ಗರ್ಭಕೋಶದ ಗೋಡೆಯೊಳಗೆ ನುಗ್ಗುತ್ತವೆ. ಅಲ್ಲಿ ಅವು ಎದುರುಗೊಳ್ಳುವುದು ಸುರುಳಿ ಧಮನಿಗಳನ್ನು. ಇವು ತಿರುಚಿಕೊಂಡಿರುವ ಕಿರಿದಾದ ರಕ್ತನಾಳಗಳು. ಗೋಡೆಯಲ್ಲಿ ಸ್ನಾಯುವಿರುವುದರಿಂದ ಬೇಕಾದಾಗ ಹಿಗ್ಗಿ ಬೇಕಾದಾಗ ಕುಗ್ಗಬಲ್ಲವು. ಟ್ರೋಫೋಬ್ಲಾಸ್ಟ್‌ಗಳು ಆ ಸ್ನಾಯುವನ್ನು ತೆಗೆದುಹಾಕಿ, ಧಮನಿಯ ಬಾಯಿಯನ್ನು ಆಲಿಕೆಯಂತೆ ಅಗಲ ಮಾಡುತ್ತವೆ. ಸುಮಾರು 20ನೇ ವಾರದ ಹೊತ್ತಿಗೆ ಈ ಕೆಲಸ ಮುಗಿದಿರಬೇಕು. ಆ ಬಳಿಕ ತಾಯಿಯ ನರಮಂಡಲವೋ ಹಾರ್ಮೋನುಗಳೋ ಆ ನಾಳಗಳನ್ನು ಬಿಗಿಯಲಾರವು; ರಕ್ತ ನಿಧಾನವಾಗಿ, ಧಾರಾಳವಾಗಿ, ಹದವಾದ ಒತ್ತಡದಲ್ಲಿ ಮಾಸಿನ ಎಳೆಗಳ ನಡುವೆ ಹರಡಿಕೊಳ್ಳುತ್ತದೆ. ತೂಬನ್ನು ತೆರೆದು ಗದ್ದೆಗೆ ನೀರು ಹಾಯಿಸಿದಂತೆ.

ಪ್ರಿಎಕ್ಲಾಂಪ್ಸಿಯಾದಲ್ಲಿ, ಅದರಲ್ಲೂ ಬೇಗ ಕಾಣಿಸಿಕೊಳ್ಳುವ ಬಗೆಯಲ್ಲಿ, ಈ ನುಗ್ಗುವಿಕೆ ಅರ್ಧಕ್ಕೇ ನಿಲ್ಲುತ್ತದೆ. ಬೆಲ್ಜಿಯಂನ ಈವೊ ಬ್ರೋಸೆನ್ಸ್ ಮತ್ತು ಸಂಗಡಿಗರು 1972ರ ಪ್ರಬಂಧದಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದರು. ಧಮನಿಗಳು ಕಿರಿದಾಗಿಯೇ ಉಳಿದರೆ ಎರಡು ಬಗೆಯ ಕೆಡುಕು. ರಕ್ತ ಸಾಲುವುದಿಲ್ಲ ಎಂಬುದು ಒಂದು. ಕಿರಿದಾದ ಬಾಯಿಯಿಂದ ಚಿಮ್ಮುವ ರಕ್ತದ ವೇಗ ಮಾಸಿನ ನವಿರಾದ ಎಳೆಗಳಿಗೆ ಪೆಟ್ಟು ಕೊಡುತ್ತದೆ ಎಂಬುದು ಇನ್ನೊಂದು; ತೂಬಿನ ಜಾಗದಲ್ಲಿ ಪಿಚಕಾರಿ ಇಟ್ಟಂತೆ. ಸ್ನಾಯು ಉಳಿದ ನಾಳ ಆಗಾಗ ಸಂಕುಚಿಸಿ ಹಿಗ್ಗುವುದರಿಂದ ಆಮ್ಲಜನಕ ಒಮ್ಮೆ ಬತ್ತಿ ಒಮ್ಮೆ ಉಕ್ಕುತ್ತದೆ. ಈ ಏರಿಳಿತವೇ ಅಂಗಾಂಶವನ್ನು ಹೆಚ್ಚು ಸುಡುತ್ತದೆಂಬುದು ಇಂದಿನ ತಿಳಿವಳಿಕೆ. ತಾಯಿಗೆ ಇನ್ನೂ ಏನೂ ಅನ್ನಿಸುವುದಿಲ್ಲ, ರಕ್ತದೊತ್ತಡವೂ ಸರಿಯಿರಬಹುದು.

ನುಗ್ಗುವಿಕೆ ಏಕೆ ನಿಲ್ಲುತ್ತದೆ? ಉತ್ತರದ ಒಂದು ಪಾಲು ರೋಗನಿರೋಧಕ ವ್ಯವಸ್ಥೆಯಲ್ಲಿದೆ. ಗರ್ಭಕೋಶದ ಒಳಪದರದಲ್ಲಿ ತಾಯಿಯ ಒಂದು ಬಗೆಯ ಬಿಳಿ ರಕ್ತಕಣಗಳು ಕಿಕ್ಕಿರಿದಿರುತ್ತವೆ. ಅರ್ಧ ಪರಕೀಯವಾದ ಟ್ರೋಫೋಬ್ಲಾಸ್ಟ್‌ಗಳನ್ನು ಅವು ಕೊಲ್ಲುವುದಿಲ್ಲ. ಎಷ್ಟು ಆಳಕ್ಕೆ ಬಿಡಬೇಕೆಂದು ತೂಗಿನೋಡುತ್ತವೆ. ಕೇಂಬ್ರಿಜ್‌ನ ಆಶ್ಲೀ ಮಾಫೆಟ್ ಅವರ ತಂಡ 2004ರಲ್ಲಿ ತೋರಿಸಿದಂತೆ, ತಾಯಿಯ ಕಣಗಳ ಮೇಲಿನ ಗ್ರಾಹಕಗಳಿಗೂ ಭ್ರೂಣ ತಂದೆಯಿಂದ ಪಡೆದ ಗುರುತಿನ ಪ್ರೋಟೀನುಗಳಿಗೂ ಕೆಲವು ಜೋಡಣೆಗಳು ಹೊಂದುವುದಿಲ್ಲ; ಆಗ ಅಪಾಯ ಹೆಚ್ಚು. ಚೊಚ್ಚಲ ಗರ್ಭದಲ್ಲಿ ಕಾಯಿಲೆ ಹೆಚ್ಚು ಕಾಣುವುದಕ್ಕೂ ತಂದೆಯ ಅಂಶಗಳೊಂದಿಗೆ ತಾಯಿಯ ದೇಹದ ಪರಿಚಯ ಇನ್ನೂ ಹೊಸದಾಗಿರುವುದೇ ಒಂದು ಕಾರಣವಿರಬಹುದೆಂಬ ವಾದವಿದೆ. 'ಅವಳ ಮೈಯೇ ಸರಿಯಿಲ್ಲ' ಎಂಬ ಅತ್ತೆಮನೆಯ ಮಾತಿಗೆ ಇಲ್ಲಿ ಆಧಾರವಿಲ್ಲ. ಜೋಡಣೆಯಲ್ಲಿ ಗಂಡನ ಪಾಲು ಅಷ್ಟೇ ಇದೆ.

ಇನ್ನು ನಂಜಿನ ಬಳ್ಳಿಯ ಕಡೆಗೆ. ಮಾಸಿಗೆ ಪೆಟ್ಟು ಬಿದ್ದರೆ ತಾಯಿಯ ಮೂತ್ರಪಿಂಡ, ಯಕೃತ್ತು, ಮಿದುಳುಗಳೆಲ್ಲ ಏಕೆ ಕೆಡಬೇಕು? ಜೇಮ್ಸ್ ರಾಬರ್ಟ್ಸ್ ಮತ್ತು ಸಂಗಡಿಗರು 1989ರಲ್ಲಿ ಈ ಹರಡಿಹೋದ ಲಕ್ಷಣಗಳಿಗೆಲ್ಲ ಒಂದೇ ನೆಲೆಯನ್ನು ಸೂಚಿಸಿದರು: ರಕ್ತನಾಳಗಳ ಒಳಪದರ. ದೇಹದ ಎಲ್ಲ ನಾಳಗಳ ಒಳಮೈಗೆ ಹಾಸಿರುವ ಈ ಒಂದೇ ಕೋಶದಷ್ಟು ದಪ್ಪದ ಪದರ ನೈಟ್ರಿಕ್ ಆಕ್ಸೈಡ್ ಮುಂತಾದವನ್ನು ಸ್ರವಿಸಿ ನಾಳವನ್ನು ಸಡಿಲವಾಗಿಡುತ್ತದೆ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ, ದ್ರವ ಸೋರದಂತೆ ತಡೆಯುತ್ತದೆ. ಅದು ಸೋತರೆ ಒತ್ತಡ ಏರುತ್ತದೆ, ಮೈ ಊದುತ್ತದೆ, ಮೂತ್ರಕ್ಕೆ ಪ್ರೋಟೀನ್ ಸೋರುತ್ತದೆ. ಆದರೆ ಮಾಸಿನಿಂದ ಆ ಪದರದವರೆಗೆ ಸುದ್ದಿ ಒಯ್ದವರು ಯಾರು ಎಂಬುದು ಆಗಲೂ ಬಗೆಹರಿದಿರಲಿಲ್ಲ.

ಬಾಸ್ಟನ್‌ನಲ್ಲಿ ಭಾರತ ಮೂಲದ ಮೂತ್ರಪಿಂಡತಜ್ಞ ಅನಂತ್ ಕರುಮಂಚಿ ಮತ್ತು ಶರಾನ್ ಮೇನಾರ್ಡ್ ಅವರನ್ನೊಳಗೊಂಡ ತಂಡ 2003ರಲ್ಲಿ ಪ್ರಕಟಿಸಿದ ಉತ್ತರ ಹೀಗಿದೆ. ನಾಳಗಳ ಒಳಪದರ ಆರೋಗ್ಯವಾಗಿರಲು ವಿಇಜಿಎಫ್ ಮತ್ತು ಪಿಎಲ್‌ಜಿಎಫ್ ಎಂಬ ಎರಡು ಪೋಷಕ ಪ್ರೋಟೀನುಗಳು ಬೇಕು. ಕೋಶದ ಮೇಲಿನ ಗ್ರಾಹಕಕ್ಕೆ ಅವು ಅಂಟಿದಾಗ ಮಾತ್ರ ಕೆಲಸ ನಡೆಯುತ್ತದೆ. ಪೆಟ್ಟುತಿಂದ ಮಾಸು ಇದೇ ಗ್ರಾಹಕದ ತುಂಡೊಂದನ್ನು, ಕೋಶದಿಂದ ಬಿಡಿಯಾದ ರೂಪದಲ್ಲಿ, ತಾಯಿಯ ರಕ್ತಕ್ಕೆ ಅತಿಯಾಗಿ ಬಿಡುತ್ತದೆ. ಅದರ ಹೆಸರು ಎಸ್‌ಎಫ್‌ಎಲ್‌ಟಿ-1. ರಕ್ತದಲ್ಲಿ ತೇಲುವ ಈ ಹುಸಿ ಗ್ರಾಹಕ ಪೋಷಕ ಪ್ರೋಟೀನುಗಳನ್ನು ದಾರಿಯಲ್ಲೇ ಹಿಡಿದಿಡುತ್ತದೆ. ನಾಳಗಳಿಗೆ ಏನೂ ತಲುಪುವುದಿಲ್ಲ. ಇದನ್ನು ಇಲಿಗಳ ದೇಹದಲ್ಲಿ ಹೆಚ್ಚಿಸಿದಾಗ ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು, ಮೂತ್ರಪಿಂಡದಲ್ಲಿ ಪ್ರಿಎಕ್ಲಾಂಪ್ಸಿಯಾದ ಗುರುತೇ ಮೂಡಿತು. ಗರ್ಭ ಧರಿಸದ ಇಲಿಗಳಲ್ಲಿಯೂ ಹಾಗೆಯೇ ಆಯಿತು. ಮರುವರ್ಷದ ಅಧ್ಯಯನದಲ್ಲಿ, ಕಾಯಿಲೆ ಪ್ರಕಟವಾಗುವ ಸುಮಾರು ಐದು ವಾರ ಮೊದಲೇ ಈ ಪ್ರೋಟೀನ್ ರಕ್ತದಲ್ಲಿ ಏರತೊಡಗುತ್ತದೆಂದು ಕಂಡಿತು.

ಈ ವಾದವನ್ನು ಬಲಪಡಿಸಿದ ಎರಡು ಸಾಕ್ಷ್ಯಗಳು ಬೇರೆ ಕಡೆಯಿಂದ ಬಂದವು. ಎಸ್‌ಎಫ್‌ಎಲ್‌ಟಿ-1ನ್ನು ರೂಪಿಸುವ ವಂಶವಾಹಿ ಇರುವುದು 13ನೇ ವರ್ಣತಂತುವಿನಲ್ಲಿ. ಆ ವರ್ಣತಂತುವಿನ ಮೂರು ಪ್ರತಿಗಳಿರುವ ಭ್ರೂಣವನ್ನು ಹೊತ್ತ ತಾಯಂದಿರಲ್ಲಿ ಪ್ರಿಎಕ್ಲಾಂಪ್ಸಿಯಾ ಹೆಚ್ಚು. ಇನ್ನೊಂದು ಕ್ಯಾನ್ಸರ್ ಚಿಕಿತ್ಸೆಯದು. ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ವಿಇಜಿಎಫ್ ಅನ್ನು ತಡೆಯುವ ಬೆವಾಸಿಝುಮ್ಯಾಬ್‌ನಂಥ ಔಷಧಗಳನ್ನು ಕೊಟ್ಟಾಗ, ಗರ್ಭದ ಸಂಬಂಧವೇ ಇಲ್ಲದ ರೋಗಿಗಳಲ್ಲಿ, ಗಂಡಸರಲ್ಲಿಯೂ, ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಕಾಣುತ್ತದೆ. ಅಂದಮೇಲೆ ನಂಜು ಎಂಬ ಹಳೆಯ ಹೆಸರು ಪೂರ್ತಿ ಸುಳ್ಳಾಗಿರಲಿಲ್ಲ. ವಿಷವಿದೆಯೆಂಬ ಊಹೆ ಸರಿ, ಅದು ಬರುವ ದಾರಿಯ ಬಗೆಗಿನ ಊಹೆ ತಪ್ಪು.

ಆ ತಪ್ಪಿನ ಬೆಲೆ ತೆತ್ತವರು ಗರ್ಭಿಣಿಯರು. ನಂಜು ಎಂದಕೂಡಲೇ ನಾಲಿಗೆಯ ತಪ್ಪನ್ನು ಹುಡುಕುವುದು ನಮ್ಮ ರೂಢಿ: ಏನು ತಿಂದಳು, ಯಾವ ಪಥ್ಯ ಮುರಿದಳು. ಆಸ್ಪತ್ರೆಗಳೂ ದಶಕಗಳ ಕಾಲ ಉಪ್ಪು ಬಿಡಿಸಿದವು. ಪ್ರಿಎಕ್ಲಾಂಪ್ಸಿಯಾ ತಡೆಯಲು ಉಪ್ಪು ಕಡಿಮೆ ಮಾಡಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2011ರ ಮಾರ್ಗಸೂಚಿಯಲ್ಲಿ ಅನುಮೋದಿಸಲಿಲ್ಲ. ಆಹಾರದ ಸಂಬಂಧ ನಿಜವಾಗಿ ಇರುವುದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಡಿಮೆಯಿರುವ ಊಟದಲ್ಲಿ; ಅಂಥ ಸಮುದಾಯಗಳ ಗರ್ಭಿಣಿಯರಿಗೆ ದಿನಕ್ಕೆ 1.5ರಿಂದ 2 ಗ್ರಾಂ ಕ್ಯಾಲ್ಸಿಯಂ ಕೊಡಬೇಕೆಂಬುದು ಅದೇ ಸಂಸ್ಥೆಯ ಸಲಹೆ. ಹೊಸೂರು, ಮಡಕಶಿರಾ ಸೀಮೆಯ ರಾಗಿಯಲ್ಲಿ 100 ಗ್ರಾಮಿಗೆ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಜತ್ತ, ಸೊಲ್ಲಾಪುರದ ಜೋಳದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಮುದ್ದೆ ತಿಂದವರಿಗೆ ಕಾಯಿಲೆ ಬರುವುದಿಲ್ಲವೆಂದು ಇದರಿಂದ ತೀರ್ಮಾನಿಸಬಾರದು. ತಟ್ಟೆಯಲ್ಲಿ ಕೊರತೆಯನ್ನು ಹುಡುಕಬೇಕೇ ಹೊರತು ನಂಜನ್ನಲ್ಲ ಎಂಬಷ್ಟಕ್ಕೆ ಇದು ಸಾಕು.

ಎಲ್ಲ ಪ್ರಕರಣಗಳಿಗೂ ಕಿರಿದಾದ ಧಮನಿಯೇ ಮೂಲವೆಂದು ಹೇಳಲಾಗದು. 34 ವಾರಗಳ ನಂತರ ಕಾಣುವ ಬಗೆಯಲ್ಲಿ ಧಮನಿಗಳು ಸರಿಯಾಗಿ ಅಗಲವಾಗಿರುವುದೂ ಉಂಟು. ಅಲ್ಲಿ ಅವಳಿ ಗರ್ಭದ ದೊಡ್ಡ ಮಾಸಿಗೆ ರಕ್ತ ಸಾಲದೆ ಹೋಗುವುದೋ, ಬೊಜ್ಜು, ಮಧುಮೇಹ, ಹಳೆಯ ರಕ್ತದೊತ್ತಡಗಳಿಂದ ಮೊದಲೇ ದಣಿದ ನಾಳಗಳು ಗರ್ಭದ ಭಾರ ತಾಳದಿರುವುದೋ ಮುಖ್ಯವಾಗುತ್ತದೆ. ಗರ್ಭಿಣಿಯ ನಾಳಗಳು ಸಾಮಾನ್ಯವಾಗಿ ಆಂಜಿಯೋಟೆನ್ಸಿನ್ ಎಂಬ ನಾಳ ಬಿಗಿಯುವ ಹಾರ್ಮೋನಿಗೆ ಅಷ್ಟಾಗಿ ಮಣಿಯುವುದಿಲ್ಲ. ಮುಂದೆ ಕಾಯಿಲೆ ಬರಲಿರುವವರು ಈ ರಕ್ಷಣೆಯನ್ನು ವಾರಗಳ ಮೊದಲೇ ಕಳೆದುಕೊಂಡಿರುತ್ತಾರೆಂದು 1973ರಷ್ಟು ಹಿಂದೆಯೇ ತೋರಿಸಲಾಗಿತ್ತು. ಎರಡು ಬಗೆಗಳನ್ನು ಒಂದೇ ಹೆಸರಿನಡಿ ಇಡುವುದು ಸರಿಯೇ ಎಂಬ ಚರ್ಚೆ ಮುಗಿದಿಲ್ಲ. ವಿಕಾಸವಾದಿ ಡೇವಿಡ್ ಹೇಗ್ 1993ರಲ್ಲಿ ಮಂಡಿಸಿದ ವಾದವಂತೂ ಸಾಹಿತ್ಯದ ಓದುಗರಿಗೆ ತಟ್ಟುವಂಥದು: ರಕ್ತ ಸಾಲದ ಭ್ರೂಣ ತಾಯಿಯ ಒತ್ತಡವನ್ನೇ ಏರಿಸಿ ತನ್ನ ಪಾಲು ಕೇಳುತ್ತದೆ, ಗರ್ಭವೆಂಬುದು ವಾತ್ಸಲ್ಯದ ಜೊತೆಗೆ ಹಗ್ಗಜಗ್ಗಾಟವೂ ಹೌದು. ಸಾಬೀತಾದ ಸತ್ಯಕ್ಕಿಂತ ಪ್ರಶ್ನೆ ಕೇಳುವ ಬಗೆಯಾಗಿ ಇದನ್ನು ಓದುವುದು ಲೇಸು.

ಈ ತಿಳಿವಳಿಕೆ ಚಿಕಿತ್ಸೆಗೆ ತಂದುಕೊಟ್ಟದ್ದು ಮಿತವಾದದ್ದೇ. ಮಗು-ಮಾಸುಗಳ ಹೆರಿಗೆಯೇ ಇಂದಿಗೂ ಮೂಲ ಪರಿಹಾರ. ಸೆಳವು ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇದೆ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ 2002ರ ಮ್ಯಾಗ್‌ಪೈ ಪ್ರಯೋಗದಲ್ಲಿ ಅದು ಸೆಳವಿನ ಅಪಾಯವನ್ನು ಅರ್ಧಕ್ಕಿಂತ ಕೆಳಗಿಳಿಸಿತು. ಅಪಾಯ ಹೆಚ್ಚಿರುವವರಿಗೆ ಮೊದಲ ತ್ರೈಮಾಸಿಕದ ಕೊನೆಯಿಂದ ವೈದ್ಯರು ಕೊಡುವ ಕಡಿಮೆ ಪ್ರಮಾಣದ ಆಸ್ಪಿರಿನ್, ಅವಧಿಗೆ ಮುನ್ನ ಹೆರಿಗೆ ಮಾಡಿಸಬೇಕಾಗುವ ಬಗೆಯನ್ನು ಶೇ. 62ರಷ್ಟು ಇಳಿಸಿದ್ದು 2017ರ ಪ್ರಯೋಗವೊಂದರಲ್ಲಿ ಕಂಡಿದೆ. ಸಮಯ ಮುಖ್ಯ: ಧಮನಿಗಳ ಕೆಲಸ ಇನ್ನೂ ನಡೆಯುತ್ತಿರುವಾಗ ಆರಂಭಿಸಿದ ಔಷಧಕ್ಕೆ ಬೆಲೆ, ಏಳನೇ ತಿಂಗಳಲ್ಲಿ ಆರಂಭಿಸಿದ್ದಕ್ಕೆ ಅಷ್ಟಿಲ್ಲ.

ಏಳನೇ ತಿಂಗಳೆಂದರೆ ನಮ್ಮಲ್ಲಿ ಸೀಮಂತದ ಹೊತ್ತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬ ರೂಢಿ ಗಡಿಯ ಎರಡೂ ಬದಿಯಲ್ಲಿದೆ, ನೆಂಟಸ್ತಿಕೆಗೆ ರಾಜ್ಯದ ಗಡಿ ಅಡ್ಡಿಯಾಗಿಲ್ಲ. ವಿಜಯಪುರಕ್ಕೆ ಕೊಟ್ಟ ಜತ್ತದ ಮಗಳು, ಮಂಗಳೂರಿಗೆ ಕೊಟ್ಟ ಕಾಸರಗೋಡಿನ ಮಗಳು, ಬಳ್ಳಾರಿಗೆ ಕೊಟ್ಟ ಆದವಾನಿಯ ಮಗಳು, ಎಲ್ಲರೂ ಕಾಯಿಲೆ ತಲೆಯೆತ್ತುವ ವಾರಗಳಲ್ಲಿಯೇ ಒಂದು ರಾಜ್ಯದ ಆರೋಗ್ಯ ವ್ಯವಸ್ಥೆಯಿಂದ ಇನ್ನೊಂದಕ್ಕೆ ದಾಟುತ್ತಾರೆ. ಈ ಕಾಯಿಲೆಯ ನಿರ್ಣಯ ನಿಂತಿರುವುದು ಹೋಲಿಕೆಯ ಮೇಲೆ. 20 ವಾರಗಳ ಮೊದಲು ಒತ್ತಡ ಎಷ್ಟಿತ್ತೆಂದು ತಿಳಿಯದೆ, ಇಂದಿನ 140/90 ಹಳೆಯದೋ ಹೊಸದೋ ಹೇಳುವುದು ಕಷ್ಟ. ಹಾಗಾಗಿ ಸೀರೆ, ಬಳೆಗಳ ಜೊತೆ ತಾಯಿ ಕಾರ್ಡು ಪೆಟ್ಟಿಗೆಯಲ್ಲಿ ಹೋಗಬೇಕು. ಕಾರ್ಡಿನ ಲಿಪಿ ಅಲ್ಲಿಯ ನರ್ಸಿಗೆ ಬಾರದಿದ್ದರೂ ಅಂಕಿಗಳು ಓದಿಸಿಕೊಳ್ಳುತ್ತವೆ.

ಅಂಕಿಗೆ ಸಿಗದ ಲಕ್ಷಣಗಳ ಮಾತು ಬೇರೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮುಂದೆ ಮಿಣುಕು ಕಾಣುವುದು, ಬಲ ಪಕ್ಕೆಲುಬಿನ ಕೆಳಗೆ ನೋವು, ದಿಢೀರನೆ ಮುಖ ಊದುವುದು: ಮಿದುಳು, ಯಕೃತ್ತುಗಳ ನಾಳಗಳು ಸೋಲುತ್ತಿರುವುದರ ಈ ಸೂಚನೆಗಳನ್ನು ಆಕೆಯೇ ಬಾಯಿಬಿಟ್ಟು ಹೇಳಬೇಕು. ಒತ್ತಡಕ್ಕೆ ಮಲಯಾಳದಲ್ಲಿ ರಕ್ತಸಮ್ಮರ್ದಂ, ತೆಲುಗಿನಲ್ಲಿ ರಕ್ತಪೋಟು, ಮರಾಠಿಯಲ್ಲಿ ರಕ್ತದಾಬ ಎಂದಿದ್ದರೂ ಎಲ್ಲೆಡೆ 'ಬಿ.ಪಿ.' ಎಂದರೆ ಸಾಕು. 'ಎದೆಗುಂಡಿಗೆಯ ಕೆಳಗೆ ಹಿಡಿದ ಹಾಗಾಗುತ್ತದೆ' ಎಂಬುದಕ್ಕೆ ಅಂಥ ಸುಲಭದ ಸಮಾನಪದವಿಲ್ಲ. ಅದು ಪಿತ್ತವೆಂದೋ ಗ್ಯಾಸ್ ಎಂದೋ ಅನುವಾದವಾಗಿ ಹೋಗುವ ಅಪಾಯವಿದೆ. ತೆಲುಗಿನ ಆರೋಗ್ಯ ಬರಹಗಳಲ್ಲಿ ಈ ಕಾಯಿಲೆಗೆ ಗುರ್ರಪು ವಾತಂ, ಕುದುರೆಯ ವಾತ, ಎಂಬ ಹೆಸರಿದೆ. ರಾಯದುರ್ಗದ ಕನ್ನಡತಿಗೆ ಆಶಾ ಕಾರ್ಯಕರ್ತೆ ಆ ಪದ ಹೇಳಿದರೆ ಆಕೆ ಅದನ್ನು ಬಸುರಿನ ನಂಜಿಗೆ ಜೋಡಿಸಿಕೊಳ್ಳುವಳೆಂಬ ಭರವಸೆಯಿಲ್ಲ. ಗಡಿ ಭಾಗದ ಪದಕೋಶಗಳನ್ನು ರೂಪಿಸುವವರು ಕೃಷಿ, ಅಡುಗೆ, ಆಚರಣೆಗಳ ಪದಗಳಿಗೆ ಕೊಟ್ಟ ಗಮನವನ್ನು ಬಸುರು-ಬಾಣಂತನದ ನೋವಿನ ಪದಗಳಿಗೆ ಇನ್ನೂ ಕೊಟ್ಟಿಲ್ಲವೆಂದರೆ ತಪ್ಪಾಗದು.

ಮಾಸು ಬಿದ್ದಕೂಡಲೇ ಅದರ ನಂಜು ರಕ್ತದಿಂದ ಇಳಿಯತೊಡಗುತ್ತದೆ. ಆದರೆ ನಾಳಗಳ ಒಳಪದರ ಅಷ್ಟೇ ಬೇಗ ಚೇತರಿಸಿಕೊಳ್ಳುವುದಿಲ್ಲ. ಹೆರಿಗೆಯ ನಂತರದ ದಿನಗಳಲ್ಲಿ ಒತ್ತಡ ಮತ್ತೆ ಏರಬಹುದು, ಮೊದಲ ಸೆಳವೇ ಬಾಣಂತನದಲ್ಲಿ ಬರಬಹುದು. ಬಾಣಂತಿಯ ಕೋಣೆಯ ಕಿಟಕಿ ಮುಚ್ಚಿ, ತಲೆಗೆ ಬಟ್ಟೆ ಕಟ್ಟಿ, ತಲೆನೋವನ್ನು ಶೀತದ ಲೆಕ್ಕಕ್ಕೆ ಬರೆಯುವ ಮನೆಗಳಲ್ಲಿ ಇದು ತಿಳಿದಿರಬೇಕು. ಪ್ರಿಎಕ್ಲಾಂಪ್ಸಿಯಾ ಬಂದುಹೋದ ಮಹಿಳೆಯರಿಗೆ ಮುಂದಿನ ವರ್ಷಗಳಲ್ಲಿ ಹೃದ್ರೋಗದ ಅಪಾಯ ಇತರರಿಗಿಂತ ಸುಮಾರು ಎರಡು ಪಟ್ಟು. ಐವತ್ತರ ವಯಸ್ಸಿನಲ್ಲಿ ಎದೆನೋವೆಂದು ಬಂದಾಕೆಯನ್ನು ವೈದ್ಯರು ಸಕ್ಕರೆ, ಹೊಗೆಸೊಪ್ಪುಗಳ ಬಗ್ಗೆ ವಿಚಾರಿಸುತ್ತಾರೆ. ಮೂವತ್ತು ವರ್ಷ ಹಿಂದಿನ ಬಸುರಿನಲ್ಲಿ ಕಾಲು ಊದಿತ್ತೇ, ಬಿ.ಪಿ. ಏರಿತ್ತೇ ಎಂದೂ ಕೇಳಬೇಕು.